ಮುಚ್ಚಳ ಉಬ್ಬಿದ ಎಣ್ಣೆಗಾಯಿ

ನಮ್ಮಣ್ಣ ಚೇತನಕುಮಾರ ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದಾಗಿನಿಂದ ನಮ್ಮ ಮನೆಯ ಅಡುಗೆಮನೆ ಅಡುಗೆಮನೆಯಾಗಿ ಉಳಿಯಲಿಲ್ಲ. ಹಣ್ಣು, ತರಕಾರಿ ಕೆಡದ ಹಾಗೆ ಬಾಟಲಿಗೆ ತುಂಬಿ ಮುಚ್ಚಿಡುವ ತರಬೇತಿ ಅದು. ಅವನು ಅಲ್ಲಿಂದ ತಂದದ್ದು ಒಂದು ಸರ್ಟಿಫಿಕೇಟು, ಒಂದು ಹಸಿರು ಬಟ್ಟೆ ಚೀಲ, ಮತ್ತೆ ಗಂಟಲುಮಟ ಮಾತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದ. ಕಡೇ ದಿನ ಕ್ಲಾಸಿಗೆ ಚಕ್ಕರ್ ಹೊಡೆದು ಹುಬ್ಬಳ್ಳಿಯಲ್ಲಿ ಸಿನಿಮಾ ನೋಡಿದ್ದನ್ನು ನನ್ನೊಬ್ಬನಿಗೇ ಹೇಳಿದ, ಅದೂ ಮೀಸೆ ತಿರುವಿಕೊಂಡು.

ನಾನು ಸಿದ್ದಲಿಂಗೇಶ. ಎಂಟನೇ ಇಯತ್ತೆ ಅರ್ಧಕ್ಕೆ ಬಿಟ್ಟವನು. ಬ್ಯಾಡಗಿಯಲ್ಲಿ ಟಂಟಂ, ಅಂದರೆ ಮಂದಿ ತುಂಬುವ ಮೂರು ಗಾಲಿಯ ಗಾಡಿ, ಹೊಡೆಯುತ್ತೇನೆ. ನಮ್ಮ ಮನೆಯಲ್ಲಿ ನಾನು ಏನು ಹೇಳಿದರೂ ಒಂದೇ ಉತ್ತರ: "ಸಾಲಿ ಬಿಟ್ಟಾಂವ, ನಿನಗೇನ್ ತಿಳಿತೈತಿ? ಸುಮ್ನ ಕುಂದ್ರು." ಮಳೆ ಬರುತ್ತದೆ ಅಂದರೂ ಇದೇ ಉತ್ತರ. ಆಮೇಲೆ ಮಳೆ ಬಂದು ಮಾಳಿಗೆ ಮೇಲಿನ ಮೆಣಸಿನಕಾಯಿ ತೊಯ್ದರೆ, ನಾನು ಬಾಯಿ ಬಿಟ್ಟದ್ದಕ್ಕೇ ಮಳೆ ಬಂತು ಅನ್ನುತ್ತಾರೆ. ಇಂಥ ಮನೆಯಲ್ಲಿ ಇದ್ದು ಸಿಟ್ಟು ಬರದವನು ಮನುಷ್ಯನೇ ಅಲ್ಲ.

ಆ ಹೊತ್ತಿಗೆ ನಮ್ಮ ತಂಗಿ ಸ್ನೇಹಾಳ ಕುಬಸ ಬಂತು. ಆಕೆಯನ್ನು ಕೊಟ್ಟದ್ದು ಮೇಡ್ಲೇರಿಗೆ. ಚೊಚ್ಚಲ ಬಸುರಿ, ಏಳನೇ ತಿಂಗಳು. ತವರಿನವರು ಹಸಿರು ಸೀರೆ, ಕುಬಸ, ಬುತ್ತಿ ತಗೊಂಡು ಹೋಗಿ, ಉಡಿ ತುಂಬಿ, ಬುತ್ತಿಯ ಮೊದಲ ತುತ್ತನ್ನು ಆಕೆಗೇ ಉಣ್ಣಿಸಿ, ಹೆರಿಗೆಗೆ ಕರೆದುಕೊಂಡು ಬರಬೇಕು. ಬುತ್ತಿ ಅಂದರೆ ನಮ್ಮವ್ವ ಕರೆವ್ವನಿಗೆ ಹೊಟ್ಟೆಯಲ್ಲಿ ಬೆಂಕಿ. ಯಾಕೆಂದರೆ ಹೋದ ಪಂಚಮಿಗೆ ಆಕೆ ಕಳಿಸಿದ ಬದನೆಕಾಯಿ ಎಣ್ಣೆಗಾಯಿ ಬಸ್ಸಿನ ಸೆಕೆಗೆ ಹಳಸಿ ಹೋಗಿತ್ತು. ಸ್ನೇಹಾಳ ಅತ್ತೆ ರೇಣುಕವ್ವ ಡಬ್ಬಿ ಮುಚ್ಚಳ ತೆಗೆದವಳೇ ಓಣಿಯ ಹೆಂಗಸರನ್ನೆಲ್ಲ ಕರೆದಿದ್ದಳಂತೆ. "ಬರ್ರೇ, ಬ್ಯಾಡಗಿ ಬುತ್ತಿ ಮೂಸಿ ನೋಡ ಬರ್ರಿ!"

ಆ ಮಾತು ಕೇಳಿದಾಗಿನಿಂದ ಅವ್ವನಿಗೆ ಬದನೆಕಾಯಿ ಕಂಡರೆ ಕಣ್ಣಲ್ಲಿ ನೀರು.

"ಅವ್ವಾ, ಯಾಕ ಚಿಂತಿ ಮಾಡ್ತಿ?" ಅಂದ ಅಣ್ಣ. "ಬಾಟ್ಲ್ಯಾಗ ತುಂಬಿ ಪ್ಯಾಕ್ ಮಾಡಿಕೊಡ್ತೇನಿ. ಕೂಸು ಹುಟ್ಟಿ ಜವಳ ತಗಿಯೂ ಮಟಾ ಎಣ್ಣೆಗಾಯಿ ತಾಜಾನs ಇರತೈತಿ."

ಗುಜರಿ ಅಂಗಡಿಯ ಅಬ್ದುಲರಜಾಕ ಕಾಕಾನ ಹತ್ತಿರ ಹಳೇ ಜಾಮ್ ಬಾಟಲಿ, ಕಾಫಿಪುಡಿ ಬಾಟಲಿ ಒಂದು ಬುಟ್ಟಿ ಆರಿಸಿ ತಂದ. "ಮುಚ್ಚಳ ಬಿಗಿ ಕೂಡಂಗಿಲ್ಲೋ ತಮ್ಮಾ, ಮಂದಿ ಇದನ್ನ ಮೊಳಿ ಹಾಕಿಡಾಕ ಒಯ್ತಾರ" ಅಂತ ಕಾಕಾ ಹೇಳಿದರೆ, "ನನಗ ಕಲಸಬ್ಯಾಡ ಕಾಕಾ, ಸರ್ಟಿಫಿಕೇಟ್ ಐತಿ" ಅಂದ. ಸಡಿಲ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಒಳಗೆ ಇಟ್ಟ. ನನ್ನ ಸೈಕಲ್ಲಿನ ಟ್ಯೂಬ್.

ಅವ್ವ ಎಣ್ಣೆಗಾಯಿ ಮಾಡಿದಳು. ಶೇಂಗಾ, ಗುರೆಳ್ಳು, ಬೆಳ್ಳುಳ್ಳಿ, ಬ್ಯಾಡಗಿ ಖಾರ ಎಲ್ಲ ಅರೆದು ತುಂಬಿದ ಎಳೇ ಬದನೆಕಾಯಿ. ವಾಸನೆಗೆ ಓಣಿಯ ನಾಯಿಗಳೆಲ್ಲ ನಮ್ಮ ಕಟ್ಟೆಗೆ ಬಂದು ಕೂತವು. ಅಣ್ಣ ಟವೆಲ್ ಕಟ್ಟಿಕೊಂಡು ಡಾಕ್ಟರನ ಹಾಗೆ ನಿಂತ.

"ಮ್ಯಾಲ ಒಂದ ಬೆರಳಿನಷ್ಟ ಜಾಗಾ ಬಿಡಬೇಕವ್ವಾ. ಹಂಗಂತ ಮ್ಯಾಡಮ್ಮಾರ ಹೇಳ್ಯಾರ."

"ಬೀಗರ ಮನಿಗೆ ತುಳುಕಾಡೂ ಬಾಟ್ಲಿ ಒಯ್ಯೂನೇನ? ಆ ರೇಣುಕವ್ವ ಏನಂದಾಳು, ಅರ್ಧಾ ದಾರ್ಯಾಗ ತಿಂದ ಬಂದಾರ ಅಂದಾಳು. ಬಾಯಿಮಟಾ ತುಂಬು!"

ಅವನು ತುಂಬಿದ. ಹೆಬ್ಬೆರಳಿನಿಂದ ಬದನೆಕಾಯಿಯ ನೆತ್ತಿ ಒತ್ತಿ ಒತ್ತಿ, ಸಂತೆ ದಿನದ ಟಂಟಂಗೆ ಜನ ತುಂಬಿದ ಹಾಗೆ ತುಂಬಿದ. ಸಂದಿಗೆ ಎಣ್ಣೆ ಹೊಯ್ದ. ಆಮೇಲೆ ಬಾಟಲಿಗಳನ್ನೆಲ್ಲ ಸ್ನಾನದ ಹಂಡೆಯಲ್ಲಿ ಇಳಿಬಿಟ್ಟು ಉರಿ ಹಾಕಿದ.

"ಎಷ್ಟೊತ್ತ ಕುದಸಬೇಕೋ?" ಅಂದೆ.

"ಅದನ್ನ ಕಡೇ ದಿನಾ ಹೇಳಿದ್ರಂತ."

ನಾನು ಅವನ ಮುಖ ನೋಡಿದೆ. ಅವನು ಒಲೆಯ ಕಡೆ ನೋಡಿದ.

"ಕುದ್ರ ಆತಪಾ! ನೀರಿಗೇನ ಸಾಲಿ ಕಲಿಸಬೇಕೇನು?"

ಕುದ್ದಿತು. ಮೊದಲನೇ ಬಾಟಲಿ ಎತ್ತಿ ತಣ್ಣನೆ ಕಲ್ಲಿನ ಮೇಲೆ ಇಟ್ಟ. ಅದು ಚಟ್ ಅಂತ ಬುಡ ಬಿಟ್ಟು ನಿಂತಿತು. ಬದನೆಕಾಯಿಗಳು ಕಾಲು ಬಂದ ಹಾಗೆ ನೆಲದ ಮೇಲೆ ಓಡಿದವು. ಅವ್ವ ಕೈ ಮುಗಿದಳು. "ಹೋಗ್ಲಿ, ದೃಷ್ಟಿ ಹೋತು."

ಉಳಿದವನ್ನು ಉಪ್ಪಿನಕಾಯಿ ಭರಣಿ ಇಡುವ ಹಾಗೆ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರು, ಮೆಣಸಿನಕಾಯಿಗಳ ನಡುವೆ. ಬಿಸಿಲಿಗೆ ಇಟ್ಟರೆ ಎಲ್ಲ ಗಟ್ಟಿ ಆಗುತ್ತದೆ ಅಂತ ಅವ್ವನ ಲೆಕ್ಕ. ಅದರೊಳಗಿನ ಒಂದು ಬಾಟಲಿಯನ್ನು, ನಮ್ಮನ್ನು ನೋಡಲು ಬಂದಿದ್ದ ಸ್ನೇಹಾಳ ಗಂಡ ಮಧುನ ಕೈಯಲ್ಲಿ ಮೇಡ್ಲೇರಿಗೆ ಮುಂದಾಗಿ ಕಳಿಸಿದ ಅಣ್ಣ. ತೋರಿಸಲಿಕ್ಕೆ. "ಕುಬಸದ ದಿನದತನಕ ತಗೀಬ್ಯಾಡ್ರಿ ಅಂತ ಹೇಳು" ಅಂದ. ಬಸುರಿ ಮೊದಲ ತುತ್ತು ಉಣ್ಣುವತನಕ ಯಾರೂ ಎಂಜಲು ಮಾಡುವ ಹಾಗಿಲ್ಲವಲ್ಲ. ಅದೇ ನಿಯಮಕ್ಕೆ ನಮ್ಮ ಮನೆಯಲ್ಲೂ ಯಾರೂ ಒಂದು ಬಾಟಲಿಯನ್ನೂ ಮುಟ್ಟಲಿಲ್ಲ.

ಕುಬಸ ಹತ್ತಿರ ಬಂತು. ಬಾಟಲಿ ಇಳಿಸಲು ಮಾಳಿಗೆ ಹತ್ತಿದ ಅವ್ವ ಅಲ್ಲಿಂದಲೇ ಕೂಗಿದಳು. "ಚೇತನಾ, ಲಗೂ ಬಾರೋ! ಮುಚ್ಚಳ ಉಬ್ಯಾವ!"

ಹೌದು, ಚಪ್ಪಟೆ ಇದ್ದ ಮುಚ್ಚಳಗಳೆಲ್ಲ ಹೊಟ್ಟೆ ಬಂದು ನಿಂತಿದ್ದವು. ಅಣ್ಣ ಒಂದು ಗಳಿಗೆ ತಬ್ಬಿಬ್ಬಾದ. ಅವ್ವ ಮಾತ್ರ ಆಗಲೇ ಕುಂಕುಮ ತರಲು ಹೊರಟಿದ್ದಳು. "ಹಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ ಉಬ್ಯಾವಲ್ಲೋ! ಉಬ್ಬಿದ ರೊಟ್ಟಿ ಒಲ್ಲೆ ಅಂದವರ ಯಾರ ಅದಾರ? ಕುಬಸದ ಬುತ್ತಿ ಉಬ್ಬೇತಂದ್ರ ಗಂಡಮಗಾನ ಹುಟ್ತಾನ."

"ಹೌದವ್ವಾ" ಅಂದ ಅಣ್ಣ, ಅವಳ ಮಾತು ಹಿಡಿದುಕೊಂಡು. "ಒಳಗ ಜೀವ ಐತಿ ಅಂತ ಅರ್ಥ."

"ಟೈರ್ ಹಿಂಗ ಉಬ್ಬಿದ್ರ ನಾವು ಗಾಡಿ ನಿಲ್ಲಸ್ತೇವಿ" ಅಂದೆ ನಾನು. "ಗಾಳಿ ಒಳಗ ಯಾರ ಹೊಡದ್ರು? ಪಂಪ್ ಹಚ್ಚೀರೇನು?"

"ಸಾಲಿ ಬಿಟ್ಟಾಂವ, ಸುಮ್ನ ಕುಂದ್ರು."

ಸುಮ್ಮನೆ ಕೂತೆ.

ಕುಬಸದ ಬೆಳಿಗ್ಗೆ ಟಂಟಂ ತೊಳೆದು ಹೊರಟೆ. ಹಿಂದೆ ಅವ್ವ, ಓಣಿಯ ನಾಲ್ಕು ಹೆಂಗಸರು, ರೊಟ್ಟಿ ಬುಟ್ಟಿ, ಹೋಳಿಗೆ ಬುಟ್ಟಿ, ಚಟ್ನಿಪುಡಿ ಡಬ್ಬಿಗಳು. ಮುಂದೆ ನನ್ನ ಪಕ್ಕ ಅಣ್ಣ. ಬಾಟಲಿಗಳು ತರಬೇತಿಯ ಹಸಿರು ಚೀಲದಲ್ಲಿ ಅವ್ವನ ಕಾಲ ಹತ್ತಿರ. ಅಪ್ಪ ಹೆಂಗಸರ ಕೆಲಸಕ್ಕೆ ನಾನು ಯಾಕೆ ಅಂತ ಮನೆಯಲ್ಲೇ ಉಳಿದ. ಆ ಮನುಷ್ಯನ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ರಾಣೆಬೆನ್ನೂರು ಸೇರುವ ಮೊದಲು ಒಂದು ಹಂಪ್. ಮೆಲ್ಲಗೇ ಹತ್ತಿಸಿದ್ದೆ. ಢಬ್ ಅಂತ ಸಪ್ಪಳ. ಇಳಿದು ಮೂರೂ ಟೈರ್ ನೋಡಿದೆ, ಒದ್ದು ನೋಡಿದೆ, ಗಟ್ಟಿ ಇದ್ದವು. ಅಷ್ಟರಲ್ಲಿ ಹಿಂದಿನಿಂದ ಕಿರುಚಾಟ. ಒಂದು ಬಾಟಲಿ ಚೀಲದೊಳಗೇ ಸಿಡಿದಿತ್ತು. ಅವ್ವನ ಸೀರೆಯ ಅಂಚಿಗೆ ಎಣ್ಣೆ, ನಮ್ಮೋಣಿಯ ಗೋಣೆಪ್ಪನ ಹೆಂಡತಿಯ ಚಪ್ಪಲಿಯೊಳಗೆ ಒಂದು ಬದನೆಕಾಯಿ.

"ಎತ್ತ ನೋಡಿ ಗಾಡಿ ಹೊಡೀತೀಯೋ ಮುಠ್ಠಾಳಾ!" ಅಂದಳು ಅವ್ವ.

ಉಳಿದ ಬಾಟಲಿಗಳನ್ನು ಒಂದು ಖಾಲಿ ಬುಟ್ಟಿಗೆ ಹಾಕಿ, ಎಣ್ಣೆಯಾದ ಚೀಲ ನನ್ನ ಮುಖಕ್ಕೆ ಎಸೆದರು, ಒರೆಸು ಅಂತ. ಚೀಲದ ಮೇಲೆ ತರಬೇತಿ ಕೇಂದ್ರದ ಫೋನ್ ನಂಬರ್ ದೊಡ್ಡದಾಗಿ ಅಚ್ಚು ಹಾಕಿದ್ದರು. ಊರೊಳಗೆ ಹೆಂಗಸರು ಹೂವು ಕೊಳ್ಳಲು ಇಳಿದಾಗ ಅಣ್ಣನಿಗೆ ಹೇಳಿದೆ, "ಮೊಬೈಲ್ ಕೊಡು, ನಿಮ್ಮ ಮ್ಯಾಡಮ್ಮಾರನ್ನ ಕೇಳ್ತೇನಿ."

"ಕರೆನ್ಸಿ ಇಲ್ಲ" ಅಂದ.

ಹೂವಿನ ಅಂಗಡಿ ಪಕ್ಕದಲ್ಲಿ ಕಾಯಿನ್ ಬಾಕ್ಸ್ ಫೋನಿತ್ತು. ಒಂದು ರೂಪಾಯಿ ಹಾಕಿದೆ. ಅತ್ತ ಕಡೆ ಹೆಣ್ಣುದನಿ.

"ಮ್ಯಾಡಮ್ಮಾರ, ಬಾಟ್ಲಿ ಮುಚ್ಚಳ ಉಬ್ಬಿದ್ರ ಚಲೋನೋ ಕೆಟ್ಟೋ?"

"ಯಾರ್ರಿ ಮಾತಾಡೋದು?"

"ಬ್ಯಾಡಗಿ ಚೇತನಕುಮಾರನ ತಮ್ಮ."

"ಅವರಾ! ಕಡೇ ದಿನ ಬರಲೇ ಇಲ್ಲಲ್ಲ ಅವರು. ಏನು ತುಂಬಿದ್ರಿ?"

"ಬದನಿಕಾಯಿ ಎಣ್ಣೆಗಾಯಿ."

ಆಕಡೆ ಒಂದೇ ಉಸಿರಿಗೆ ಶುರುವಾಯಿತು. "ನಾವು ಕಲಿಸಿದ್ದು ಮಾವಿನಹಣ್ಣಿನ ಜಾಮ್, ನಿಂಬೆಹಣ್ಣಿನ ಶರಬತ್ತು! ಹುಳಿ ಇದ್ದದ್ದು ಮಾತ್ರ ಹಂಗ ಕುದಿಸಿ ಇಡಬಹುದು. ಬದನಿಕಾಯಿ, ಬೆಳ್ಳುಳ್ಳಿ, ಮ್ಯಾಲೆ ಎಣ್ಣಿ, ಗಾಳಿ ಆಡದಂಗ ಮುಚ್ಚಳ... ಒಳಗ ವಿಷ ಹುಟ್ಟತದ್ರಿ! ವಾಸನಿ ಬರದೇನೂ ಇರಬಹುದು. ರುಚಿ ನೋಡಾಕಂತ ನಾಲಗಿ ಮ್ಯಾಲ ಒಂದು ಹನಿನೂ ಇಡಬ್ಯಾಡ್ರಿ. ಮಾತು ತೊದಲತದ, ಉಸಿರು ಕಟ್ಟಿ—"

ಕುಂಯ್ ಅಂತು. ಇನ್ನೊಂದು ರೂಪಾಯಿ ಹಾಕಿದೆ.

"ಬಸುರಿ ತಿಂದ್ರ?"

"ಅಯ್ಯೋ ದೇವರೇ! ಬಸುರಿಗೆ ಕೊಡಾಕ ಹೊಂಟೀರೇನ್ರಿ? ಮುಚ್ಚಳ ತಗೀಬ್ಯಾಡ್ರಿ, ಹಂಗs ಆಳಕ ಹುಗೀರಿ, ನಾಯಿ ದನ ಮುಟ್ಟಬಾರದು, ಕೈ ಸಾಬೂನು ಹಚ್ಚಿ—"

ಕುಂಯ್. ಜೇಬಿನಲ್ಲಿ ಬೇರೆ ರೂಪಾಯಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಸ್ನೇಹಾ ಸಣ್ಣಾಕೆ ಇದ್ದಾಗ ಮಣ್ಣು ತಿನ್ನುತ್ತಿದ್ದಳು, ಬಾಯಿಗೆ ಬೆರಳು ಹಾಕಿ ತೆಗೆಯುತ್ತಿದ್ದವನು ನಾನೇ.

ಅಲ್ಲಿದ್ದ ನಲ್ಲಿಯಲ್ಲಿ ಕೈ ತಿಕ್ಕಿ ತೊಳೆದು, ಓಡಿ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಮುಡಿಯಲ್ಲಿ ಹೂವು ಸಿಕ್ಕಿಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಅಣ್ಣ ನಕ್ಕ. "ಮ್ಯಾಡಮ್ಮಾರ ಹಂಗs, ಎಲ್ಲಾರನ್ನೂ ಹೆದರಸ್ತಾರ. ಇಂವಗ ಫೋನ್ನ್ಯಾಗ ಸರಿ ಕೇಳಿಸಿಲ್ಲ. ಸಾಲಿ ಬಿಟ್ಟಾಂವ."

"ಅವ್ವಾ, ಇಲ್ಲೇ ಹುಗದು ಹೋಗೂಣು. ರೊಟ್ಟಿ ಐತಿ, ಹೋಳಿಗಿ ಐತಿ."

"ಆ ರೇಣುಕವ್ವ ಮೊದಲ ಕಳಿಸಿದ ಬಾಟ್ಲಿ ಓಣಿ ಮಂದಿಗೆಲ್ಲಾ ತೋರಿಸ್ಯಾಳಂತ. ಎಲ್ಲಾರೂ ಬಾಯಿ ಬಿಟಗೊಂಡ ಕುಂತಾರ. ಈಗ ಏನಂತ ಹೇಳ್ಲಿ, ಇದೂ ಹಳಸೇತಿ ಅನ್ಲೇನು?" ಅವ್ವ ಬಾಟಲಿ ಬುಟ್ಟಿಗೆ ಕೈ ಹಾಕಿದಳು. "ಬೀಗರ ಮುಂದ ನೀ ಬಾಯಿ ತಗದಿ ಅಂದ್ರ, ನನ್ನ ಹೆಣಾ ನೋಡ್ತಿ."

ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಕೂತಳು. ಮೇಡ್ಲೇರಿಯ ತನಕ ಕನ್ನಡಿಯಲ್ಲಿ ಆ ಬುಟ್ಟಿಯನ್ನೇ ನೋಡುತ್ತ ಗಾಡಿ ಹೊಡೆದೆ. ಬಾಯಿ ತೆಗೆಯಬಾರದು, ತಂಗಿ ತಿನ್ನಬಾರದು. ಎರಡೂ ಆಗಬೇಕು. ಓದಿದವರ ತಪ್ಪಿಗೆ ಸಾಲಿ ಬಿಟ್ಟವನು ಲೆಕ್ಕ ಬಿಡಿಸಬೇಕು.

ಪಡಸಾಲೆಯಲ್ಲಿ ಸ್ನೇಹಾ ಹಸಿರು ಸೀರೆ ಉಟ್ಟು, ತಲೆಗೆ ಹೂವಿನ ದಂಡೆ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದಳು. ಸುತ್ತ ಓಣಿಯ ಹೆಂಗಸರು. ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲೆ. ಅಣ್ಣ ತಜ್ಞ ಅಂತ ಒಳಗೆ ನಿಂತಿದ್ದ. ನಾನು ಕಂಬಕ್ಕೆ ಅಂಟಿಕೊಂಡೆ.

"ಇಂವಾ ಯಾಕ ಇಲ್ಲಿ? ಇಂವಗೂ ಕುಬಸೇನ್ರೇ?" ಅಂದಳು ಒಬ್ಬಾಕೆ. ಎಲ್ಲರೂ ನಕ್ಕರು.

ಉಡಿ ತುಂಬಿದರು, ಆರತಿ ಆಯಿತು. ರೇಣುಕವ್ವ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. "ಏನ ಬೀಗತಿ, ದವಾಖಾನಿ ಲೂಟಿ ಮಾಡೀರೇನು? ಬುತ್ತಿ ತರ್ರಿ ಅಂದ್ರ ಬಾಟ್ಲಿ ತಂದೀರಿ!" ಅಂದಳು. ಆದರೆ ಕಣ್ಣು ಹೊಳೆಯುತ್ತಿತ್ತು. ಅವ್ವ ನಗಲು ನೋಡಿದಳು, ತುಟಿ ಒಣಗಿತ್ತು.

ನಾನು ಮುಂದೆ ನುಗ್ಗಿದೆ. "ರೇಣುಕವ್ವಾರ, ಇವು ಉಣ್ಣಾಕಲ್ಲ. ಅವ್ವ ಹರಕಿ ಹೊತ್ತಾಳ. ಗಂಗವ್ವಗ ಒಪ್ಪಸೂದೈತಿ. ನಾ ಹೊಳಿಗೆ ಒಯ್ತೇನಿ." ಹೊಳೆಗೆ ಎಸೆಯುವ ಮನಸ್ಸೇನೂ ಇರಲಿಲ್ಲ. ಮನೆಯಿಂದ ಹೊರಗೆ ಬಿದ್ದರೆ ಸಾಕಿತ್ತು, ಎಲ್ಲಾದರೂ ಹುಗಿಯುತ್ತಿದ್ದೆ.

"ಎಲ್ಲಾ ಬಾಟ್ಲೀನ?" ಅಂದಳು ರೇಣುಕವ್ವ. "ಗಂಗವ್ವಗ ಒಂದ ಚಮಚಾ ಸಾಕಪಾ. ಆಕಿ ಏನ ಎರಡ ಜೀವದಾಕಿ ಹೌದೇನು? ಸರಿ ಅತ್ತಾಗ."

ಬಾಟಲಿ ಎತ್ತಿ ಮುಚ್ಚಳ ತಿರುವಿದಳು. ಸೋಡಾ ಬಾಟಲಿಯ ಹಾಗೆ ಬುಸ್ ಅಂತು. ಎಣ್ಣೆ ಹಾರಿ ಆಕೆಯ ಮೂಗಿನ ನತ್ತಿಗೂ ರೇಷ್ಮೆ ಸೀರೆಗೂ ಚಿಮ್ಮಿತು. ಹೆಂಗಸರು "ಅಯ್ಯಯ್ಯ" ಅಂದರು.

"ಗ್ಯಾಸ್ ಅದು" ಅಂದ ಅಣ್ಣ, ಪಾಠ ಹೇಳುವವನ ಹಾಗೆ. "ತಾಜಾ ಐತಂದ್ರ ಹಂಗs ಬರತೈತಿ."

ರೇಣುಕವ್ವ ಮೂಗು ಒರೆಸಿಕೊಂಡು, ಒಂದು ಎಳೇ ಬದನೆಕಾಯಿ ಎತ್ತಿ, "ಬಾಯಿ ತಗೀ ಸ್ನೇಹಾ" ಅಂದಳು. ಸ್ನೇಹಾ ಬಾಯಿ ತೆಗೆದಳು.

ಆಮೇಲೆ ನಾನು ಏನು ಮಾಡಿದೆ ಅನ್ನುವುದು ಮೇಡ್ಲೇರಿಯಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಖರೇ ಏನೆಂದರೆ, ಬೀಗತಿಯ ಕೈಗೆ ಪಟ್ ಅಂತ ಹೊಡೆದೆ. ಬದನೆಕಾಯಿ ಹಾರಿ ಆರತಿ ತಟ್ಟೆಯಲ್ಲಿ ಬಿದ್ದು ದೀಪ ಆರಿತು.

"ತಿನ್ನಬ್ಯಾಡಾ!" ಅಂತ ಒದರಿದೆ. "ಅದು ಕೆಟ್ಟೈತಿ! ಒಳಗ ವಿಷ ಐತಿ!"

"ಕುಬಸದಾಗ ಇಂಥಾ ಮಾತ ಆಡ್ತಾನಲ್ಲೇ! ಬಾಯಾಗ ಹುಳಾ ಬೀಳ್ಲಿ!" ಅಂದಳೊಬ್ಬಾಕೆ. "ಕುಡದ ಬಂದಾನ" ಅಂದಳು ಇನ್ನೊಬ್ಬಾಕೆ. ರೇಣುಕವ್ವ ತನ್ನ ಕೈಯನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ.

ಅಣ್ಣನ ಮುಖ ಕೆಂಪಾಯಿತು. "ಇಂವನ ಮಾತ ಕೇಳಬ್ಯಾಡ್ರಿ. ನಾನs ತಿಂದ ತೋರಸ್ತೇನಿ!" ಅಂದವನೇ ಬಾಟಲಿಗೆ ಬೆರಳು ಅದ್ದಿ ಬಾಯಿಗೆ ಒಯ್ದ.

ನಾನು ಮುಟ್ಟುವ ಮೊದಲೇ ಅವ್ವ ಅವನ ರಟ್ಟೆ ಹಿಡಿದಿದ್ದಳು. ಇನ್ನೊಂದು ಕೈಯಿಂದ ಅವನ ಕೆನ್ನೆಗೆ ಬಿಟ್ಟಳು. "ಬಾಯಾಗ ಇಟ್ಟಿ ಅಂದ್ರ ನೋಡು!"

ರೇಣುಕವ್ವ ನಿಧಾನವಾಗಿ ತಲೆ ಎತ್ತಿದಳು.

"ಹೌದಾ ಬೀಗತಿ? ನಿಮ್ಮ ಮಗಗ ಬ್ಯಾಡಾದದ್ದು, ನಮ್ಮ ಸೊಸಿಗಿ?"

ಬಸುರಿ ತಿನ್ನುವ ಮೊದಲು ಎಂಜಲು ಮಾಡಬಾರದು ಅಂತ ಹೊಡೆದೆ, ಅಂತ ಒಂದು ಮಾತು ಅಂದಿದ್ದರೆ ಅವ್ವನ ಮಾನ ಉಳಿಯುತ್ತಿತ್ತು. ಅವಳ ಬಾಯಿಗೆ ಆ ಮಾತು ಬಂದದ್ದೂ ನನಗೆ ಕಂಡಿತು. ಅವ್ವ ಸ್ನೇಹಾಳ ಹೊಟ್ಟೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ತಪ್ಪಾತ್ರಿ ಬೀಗತಿ. ಹುಡುಗ ದಾರ್ಯಾಗs ಹೇಳಿದ್ದ. ನಾನs ಕೇಳ್ಲಿಲ್ಲ. ನನ್ನ ಬುತ್ತಿ ಮತ್ತ ಕೆಟ್ಟೈತ್ರಿ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಮಣೆಯ ಮೇಲಿನಿಂದ ದನಿ ಬಂತು. "ಅವ್ವಾ, ನನಗ ಹಸಿವ್ಯಾಗೇತಿ. ಬೆಳಿಗ್ಗಿಂದ ಮಣಿ ಮ್ಯಾಲ ಕುಂದರಿಸ್ಯಾರ. ಆ ರೊಟ್ಟಿ ಬುಟ್ಟಿ ಆದ್ರೂ ತಗೀರಿ, ಇಲ್ಲಾ ಅದಕ್ಕೂ ಹೊಡದಾಡ್ತೀರೇನು?"

ನಾನು ಮೊದಲು ಸಾಬೂನು ತರಿಸಿದೆ. ಅಣ್ಣ, ಅವ್ವ, ರೇಣುಕವ್ವ, ಗೋಣೆಪ್ಪನ ಹೆಂಡತಿ, ಎಲ್ಲರೂ ಬಚ್ಚಲಲ್ಲಿ ಸಾಲಾಗಿ ನಿಂತು ಕೈ ತೊಳೆದರು. ಬೀಗತಿಗೆ ಮೂಗೂ ತೊಳೆದುಕೊಳ್ಳಲು ಹೇಳಿದೆ. ತೊಳೆದುಕೊಂಡಳು. ಚೆಲ್ಲಿದ್ದನ್ನೆಲ್ಲ ಬಳಿದು, ಆರತಿ ತಟ್ಟೆ ತಿಕ್ಕಿಸಿ, ಬಾಟಲಿ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದೆ.

ಹಿತ್ತಲಲ್ಲಿ ಅಣ್ಣನ ಕೈಗೆ ಸಲಿಕೆ ಕೊಟ್ಟೆ. ತೋಡಿದ. ಸೊಂಟದತನಕ ತೋಡಿಸಿದೆ. ತರಬೇತಿಯಲ್ಲಿ ಇದನ್ನು ಕಲಿಸಿರಲಿಲ್ಲ ಅಂತ ಕಾಣುತ್ತದೆ, ಅಂಗೈಗೆ ಬೊಬ್ಬೆ ಬಂತು ಅಂತ ನೀರು ಕುಡಿಯಲು ಒಳಗೆ ಹೋದ. ಅಷ್ಟರಲ್ಲಿ ಹಿಂದೆ ಬಳೆ ಸಪ್ಪಳ. ರೇಣುಕವ್ವ. ಸೆರಗಿನ ಒಳಗೆ ಏನೋ ಮುಚ್ಚಿಕೊಂಡಿದ್ದಳು. ಅತ್ತ ಇತ್ತ ನೋಡಿ ಹೊರಗೆ ತೆಗೆದಳು. ಮಧುನ ಕೈಯಲ್ಲಿ ಅಣ್ಣ ಕಳಿಸಿದ್ದ ಬಾಟಲಿ. ಮುಚ್ಚಳದ ಮೇಲೆ ಅರಿಷಿಣ, ಕುಂಕುಮ, ಒಣಗಿದ ಹೂವು. ಮುಚ್ಚಳ ಗೋಪುರದ ಹಾಗೆ ಎದ್ದು ನಿಂತಿತ್ತು.

"ದೇವರ ಜಗಲಿ ಮ್ಯಾಲ ಇಟ್ಟಿದ್ನೆಪಾ" ಅಂದಳು, ನನ್ನ ಮುಖ ನೋಡದೆ. "ರೊಟ್ಟಿ ಉಬ್ಬಿದಂಗ ಉಬ್ಬಿತ್ತು. ಚಲೋ ಲಕ್ಷಣ ಅಂತ ದಿನಾ ಪೂಜಿ ಮಾಡ್ದೆ. ಓಣಿ ಮಂದೀನೆಲ್ಲಾ ಕರದು ನಮಸ್ಕಾರ ಮಾಡ್ಸೇನಿ."

ನನಗೆ ನಗು ಎಲ್ಲಿಂದ ಬಂತೋ. ಸಲಿಕೆಯ ಹಿಡಿ ಕಚ್ಚಿದೆ.

"ನಗಬ್ಯಾಡ ಭಾಡ್ಯಾ. ಇದನ್ನೂ ಹಾಕಿ ಮುಚ್ಚು. ಯಾರ ಮುಂದನೂ ಉಸರ ಬಿಡಂಗಿಲ್ಲ, ನಿಮ್ಮವ್ವನ ಮುಂದನೂ. ನಿನ್ನ ತಂಗಿ ಆಣಿ ಮಾಡು."

ಆಣೆ ಮಾಡಿದೆ. ಮಾಡುವ ಮೊದಲು ಒಂದು ಮಾತು ಕೇಳಿದೆ. "ಮತ್ತ ನಮ್ಮವ್ವನ ಬುತ್ತಿ?"

ರೇಣುಕವ್ವ ಸೆರಗು ಹೊದ್ದು ಒಳಗೆ ಹೋದಳು. ಪಂಕ್ತಿಯಲ್ಲಿ ಒಬ್ಬಾಕೆ, "ಏನs ಅನ್ರಿ, ಬ್ಯಾಡಗಿ ಬುತ್ತಿ ಅಂದ್ರ..." ಅಂತ ಶುರು ಮಾಡಿದ್ದೇ ತಡ, ಆಕೆ ತಿರುಗಿ ನಿಂತಳು. "ಹೊಸಾದು ಮಾಡಾಕ ಹೋದ್ರ ಕೆಡತೈತವಾ. ನಿಮ್ಮ ಮನ್ಯಾಗ ಯಾವತ್ತೂ ಹಾಲ ಒಡದಿಲ್ಲೇನು? ಸುಮ್ನ ಉಣ್ಣು." ಅಷ್ಟು ಹೇಳಿ ಅವ್ವನ ಗುರೆಳ್ಳು ಚಟ್ನಿಯನ್ನು ರೊಟ್ಟಿಗೆ ಹಚ್ಚಿ, ಸ್ನೇಹಾಳ ಬಾಯಿಗೆ ಮೊದಲ ತುತ್ತು ಇಟ್ಟಳು. ಸ್ನೇಹಾ ನಾಲ್ಕು ರೊಟ್ಟಿ ತಿಂದಳು. ಬಾಗಿಲಲ್ಲಿ ನಿಂತು ಒಂದೊಂದು ತುತ್ತನ್ನೂ ನೋಡಿದೆ.

ಸಂಜೆ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಹಂಪ್ ಬಂದಲ್ಲೆಲ್ಲ ಟಂಟಂ ಅನ್ನು ತೊಟ್ಟಿಲು ತೂಗಿದ ಹಾಗೆ ದಾಟಿಸಿದೆ. ಹಿಂದೆ ಅವ್ವ ಶುರು ಮಾಡಿದಳು.

"ಎಂಥಾ ದೊಡ್ಡ ಮನಸ್ಸಿನಾಕಿ ಅದು! ಎಲ್ಲಾರ ಮುಂದ ನನ್ನ ಮಾನಾ ಮುಚ್ಚಿದ್ಲು. ಅಂಥಾ ದೇವರಂಥಾಕಿ ಕೈಗೆ ಹೊಡದಿಯಲ್ಲೋ, ಸಾಲಿ ಬಿಟ್ಟಾಂವ! ಮೆಲ್ಲಕ ಹೇಳಾಕ ಬರತಿದ್ದಿಲ್ಲೇನು? ಕಾಲ ಹಿಡಕೊಂಡ ಬಾ ನಾಳೆ ಹೋಗಿ!"

ಹಲ್ಲು ಕಚ್ಚಿ ಗೇರ್ ಬದಲಿಸಿದೆ. ತಂಗಿಯ ಮೇಲೆ ಆಣೆ ಇತ್ತು. ಆ ತಂಗಿ ಪಕ್ಕದಲ್ಲೇ ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದಳು. ಅತ್ತೆಯ ದೇವರ ಜಗಲಿಯನ್ನು ದಿನಾ ಒರೆಸುವಾಕೆ ಅವಳೇ ಅಲ್ಲವೆ.

"ಖರೇ ಹೇಳಬೇಕಂದ್ರ ತಪ್ಪಾದದ್ದು ಬದನಿಕಾಯಿ ಆರಿಸಿದ್ದು" ಅಂದ ಅಣ್ಣ ಹಿಂದಿನಿಂದ. "ಕೂಸಿನ ತೊಟ್ಟಿಲಕ್ಕ ಬಾಟ್ಲ್ಯಾಗ ಮೀನ ತುಂಬಿ..."

ಬ್ರೇಕ್ ಹಾಕಿದೆ. ರಾಣೆಬೆನ್ನೂರು ಇನ್ನೂ ದೂರ ಇತ್ತು.

"ಇಳಿ" ಅಂದೆ.